ಒಂದು ಕರೆ, ಎರಡು ವಿಮಾನ

ನಮ್ಮೂರಿನಲ್ಲಿ ಮನೆಗೆ ಬಂದವರಿಗೆ ಯಾರೂ ‘ಬನ್ನಿ’ ಎನ್ನುವುದಿಲ್ಲ. ಒರಟು ಜನ ಎಂದುಕೊಳ್ಳಬೇಡಿ. ‘ಕಾಲು ತೊಳ್ಕೊಳ್ಳಿ’ ಎನ್ನುತ್ತೇವೆ, ಚಾಪೆ ಹಾಸುತ್ತೇವೆ, ಬೆಲ್ಲ ನೀರು ತಂದಿಡುತ್ತೇವೆ. ಆ ಒಂದು ಮಾತನ್ನು ಮಾತ್ರ ಹಲ್ಲಿನ ಹಿಂದೆಯೇ ಹಿಡಿದಿಟ್ಟುಕೊಳ್ಳುತ್ತೇವೆ. ವಿಮಾನಗಳು ಓಡಾಡಲು ಶುರುವಾದ ಮೇಲೆ ಕಲಿತ ಪಾಠ ಇದು. ನಮ್ಮೂರ ಮೇಲೆ ಬಂದ ವಿಮಾನ ತಾನಾಗಿ ಇಳಿಯುವುದಿಲ್ಲ. ಊರಿನವರು ಯಾರಾದರೂ ನಿಂತು ‘ಬಾ’ ಎಂದು ಕರೆಯಬೇಕು. ಬಾಯಿಮಾತಿಗೆ ಕರೆದರೆ ಆಗದು, ಬರಲಿ ಎಂದು ಮನಸ್ಸಿನಲ್ಲೂ ಇರಬೇಕು. ಆಗ ಮಾತ್ರ ಅದರ ಚಕ್ರ ನೆಲ ಮುಟ್ಟುತ್ತದೆ. ಇಲ್ಲದಿದ್ದರೆ ಗುಡ್ಡದ ಮೇಲೆ ಹದ್ದಿನ ಹಾಗೆ ಸುತ್ತಿ ಸುತ್ತಿ ಬೇರೆ ಊರಿನ ದಾರಿ ಹಿಡಿಯುತ್ತದೆ.

ಇದು ಮೊದಲು ಗೊತ್ತಾಗಿದ್ದು ಕುಂಬಾರಗೇರಿಯ ದೊಡ್ಡವ್ವನ ಎಮ್ಮೆ ಕಳೆದುಹೋದ ದಿನ. ಆಕೆ ಬಯಲಿನಲ್ಲಿ ನಿಂತು, ‘ಬಾರೇ ನನ್ನವ್ವ, ಬಾರೇ’ ಎಂದು ಕಣ್ಣೀರು ಹಾಕುತ್ತ ಕರೆದಳು. ಎಲ್ಲಿಂದಲೋ ಎಲ್ಲಿಗೋ ಹೋಗುತ್ತಿದ್ದ ವಿಮಾನವೊಂದು ತಲೆ ಬಗ್ಗಿಸಿ ಬಂದು ಆಕೆಯ ಮುಂದೆ ನಿಂತುಕೊಂಡಿತು. ಅದರಲ್ಲಿದ್ದವರಿಗೆಲ್ಲ ಶಾಲೆಯ ಜಗಲಿಯ ಮೇಲೆ ಉಪ್ಪಿಟ್ಟು ಮಾಡಿ ಬಡಿಸಿದೆವು. ಎಮ್ಮೆ ಮಾತ್ರ ಸಿಗಲಿಲ್ಲ. ಅದೇ ಬಯಲಿಗೆ ಆಮೇಲೆ ಡಾಂಬರು ಬಿತ್ತು, ಬೇಲಿ ಬಂತು, ನಿಲ್ದಾಣವಾಯಿತು. ಬೇಲಿಯ ಪಕ್ಕದ ಬಂಡೆಗೆ ಸುಣ್ಣ ಹೊಡೆದು, ಕರೆಯುವವರು ನಿಲ್ಲುವ ಜಾಗ ಎಂದು ಗೊತ್ತು ಮಾಡಿದರು. ನಾನು ಆ ಬಂಡೆಯ ಮೇಲೆ ನಿಂತು ಮುದುಕಿಯಾದವಳು.

ನನ್ನ ಹೆಸರು ಸಾಕಮ್ಮ. ಸಾಲಾಗಿ ಹೆಣ್ಣು ಹುಟ್ಟಿದ ಮೇಲೆ, ಇನ್ನು ಸಾಕು ಎಂದು ದೇವರಿಗೆ ತಿಳಿಯಲಿ ಅಂತ ಇಟ್ಟ ಹೆಸರು. ದೇವರಿಗೆ ಕಿವಿ ಮಂದ. ನನ್ನ ಬೆನ್ನಿಗೇ ಇನ್ನೊಬ್ಬಳು ಬಂದಳು. ಅವಳಿಗೆ ಚಿಕ್ಕತಾಯಿ ಎಂದು ಹೆಸರಿಟ್ಟರೂ ‘ಕರೆಯದೆ ಬಂದವಳು’ ಎಂದೇ ನಮ್ಮಪ್ಪ ಕೊನೆತನಕ ಹಾಸ್ಯ ಮಾಡುತ್ತಿದ್ದ. ಮೇಲಿನ ಅಕ್ಕಂದಿರು ಮದುವೆಯಾಗಿ ದೂರ ಹೋದರು, ಅಪ್ಪ ಅಮ್ಮ ತೀರಿಕೊಂಡರು, ನನ್ನ ಗಂಡನೂ ಮದುವೆಯ ಅರಿಶಿನ ಆರುವ ಮೊದಲೇ ಹೋದ. ಉಳಿದವರು ಚಿಕ್ಕತಾಯಿ, ಅಂದರೆ ನನ್ನ ಬಾಯಲ್ಲಿ ಚಿಕ್ಕಿ, ಮತ್ತು ನಾನು. ಇಬ್ಬರೂ ಎದುರುಬದುರು ಕೂತು ಬೀಡಿ ಕಟ್ಟುತ್ತಿದ್ದೆವು, ಒಂದೇ ತಟ್ಟೆಯಲ್ಲಿ ಉಂಡು ಒಂದೇ ಕಂಬಳಿಯಲ್ಲಿ ಮಲಗುತ್ತಿದ್ದೆವು. ಒಂದು ದಿನ ಅವಳು ಸಮುದ್ರದಾಚೆಯ ಯಾರದೋ ಮನೆಯಲ್ಲಿ ಮಗು ನೋಡಿಕೊಳ್ಳುವ ಕೆಲಸಕ್ಕೆ ಹೊರಟಳು. ಮಗು ನಡೆಯುವ ಹಾಗಾದರೆ ಬಂದುಬಿಡುತ್ತೇನೆ ಎಂದಿದ್ದಳು. ಮಗು ನಡೆಯಿತು, ಓಡಿತು, ಶಾಲೆಗೂ ಹೋಯಿತು. ಅದರ ಹಿಂದೆ ಇನ್ನೊಂದು ಹುಟ್ಟಿತು. ಹಬ್ಬ ಹಬ್ಬಕ್ಕೂ ಫೋನು ಮಾಡಿ, ‘ಬರ್ತೀನಿ ಕಣಕ್ಕ, ಮುಂದಿನ ಹಬ್ಬಕ್ಕೆ ಬರ್ತೀನಿ’ ಎನ್ನುತ್ತಿದ್ದಳು. ನಾನೂ ಪ್ರತಿ ಸಲ ನಂಬುತ್ತಿದ್ದೆ.

ಯಾರನ್ನಾದರೂ ಕಾಯುತ್ತಿರುವವರ ಕರೆಯೇ ಗಟ್ಟಿ ಎಂಬುದು ನಿಲ್ದಾಣದವರಿಗೆ ಬೇಗ ಗೊತ್ತಾಯಿತು. ವಿಮಾನದಲ್ಲಿರುವ ಅಪರಿಚಿತರನ್ನು ಯಾರು ತಾನೇ ಮನಸಾರೆ ಕರೆಯುತ್ತಾರೆ? ಅವರವರ ಜನರನ್ನು ನೆನೆದುಕೊಂಡು ಕರೆಯುವುದು, ಇಳಿಯುವವರು ಇಳಿದುಕೊಳ್ಳುವುದು. ಬೆಳಗಿನ ಕರೆ ಬಡಗಿ ಗುಂಡಾಚಾರಿಯದು. ಅವನು ಕಾಯುತ್ತಿದ್ದುದು ತನ್ನ ಉಳಿ, ಬಾಚಿ ಎತ್ತಿಕೊಂಡು ಹೋದ ಭಾವಮೈದುನನನ್ನು. ಅಷ್ಟು ಆಸೆಗೆ ಸಣ್ಣ ವಿಮಾನವಷ್ಟೇ ಇಳಿಯುತ್ತಿತ್ತು. ಸಂಜೆಯ ಕರೆ ಮೊದಲು ಟೈರಿನಂಗಡಿಯ ಇಮಾಂಸಾಬರದಾಗಿತ್ತು. ಹಡಗಿಗೆ ಹೋದ ತಮ್ಮನನ್ನು ನೆನೆದು ಅವರು ಒಮ್ಮೆ ಕೂಗಿದರೆ ಎಂಥ ದೊಡ್ಡ ವಿಮಾನವೂ ಮಣಿಯುತ್ತಿತ್ತು. ತಮ್ಮ ಬಂದುಬಿಟ್ಟ. ಮರುದಿನ ಇಮಾಂಸಾಬರು ಬಂಡೆ ಹತ್ತಿ ಕೂಗಿದರೆ ಒಂದು ಕಾಗೆಯೂ ಇಳಿಯಲಿಲ್ಲ. ‘ಬಂದಾಯ್ತಲ್ಲ ಸಾಕಮ್ಮ, ಇನ್ಯಾರನ್ನ ಕರೀಲಿ?’ ಎಂದು ನಗುತ್ತ ಟೈರಿನಂಗಡಿಗೆ ಹಿಂತಿರುಗಿದರು. ಅಂದಿನಿಂದ ಸಂಜೆಯ ಕರೆ ನನ್ನ ಪಾಲಿಗೆ ಬಂತು. ಧ್ವನಿ ಮುದ್ರಿಸಿ ದೊಡ್ಡ ಸ್ಪೀಕರಿನಲ್ಲಿ ಹಾಕಿ ನೋಡಿದರು, ಪರವೂರಿನಿಂದ ನಾಟಕದವರನ್ನು ಕರೆಸಿ ನೋಡಿದರು. ವಿಮಾನಗಳು ಮೋಸ ಹೋಗಲಿಲ್ಲ.

ಕೆಲಸ ನೋಡುವವರಿಗೆ ಸುಲಭ. ಬಂಡೆ ಹತ್ತು, ಚಿಕ್ಕಿಯನ್ನು ನೆನೆದುಕೋ, ‘ಬಾ’ ಅನ್ನು, ಇಳಿ. ಆದರೆ ಒಂದು ಕರೆ ಹೊರಬಂದರೆ ಮೂಟೆ ರಾಗಿ ಬೀಸಿದಷ್ಟು ಸುಸ್ತಾಗುತ್ತಿತ್ತು. ಮನೆಗೆ ಬಂದು ಅನ್ನಕ್ಕೆ ನೀರಿಡಲೂ ಕೈ ಏಳುತ್ತಿರಲಿಲ್ಲ. ದಿನಕ್ಕೆ ಒಂದರ ಮೇಲೆ ಎರಡನೆಯ ಕರೆ ನನ್ನಿಂದ ಆಗುತ್ತಿರಲಿಲ್ಲ. ಮದುವೆಯ ದಿಬ್ಬಣಗಳನ್ನು ಇಳಿಸಿದೆ, ಮಂತ್ರಿಗಳನ್ನು ಇಳಿಸಿದೆ, ಕ್ಯಾಮೆರಾ ನೇತು ಹಾಕಿಕೊಂಡ ಪ್ರವಾಸಿಗಳನ್ನು ಇಳಿಸಿದೆ. ಎಲ್ಲರಿಗೂ ಖರ್ಚಾದದ್ದು ನನ್ನ ಚಿಕ್ಕಿಯೇ.

ಹೀಗಿರುವಾಗ ನಮ್ಮೂರಿಗೆ ಪರದೇಶದಿಂದ ನೇರ ವಿಮಾನ ಬಿಡಲು ಸರ್ಕಾರದ ಅಪ್ಪಣೆಯಾಯಿತು. ಅಪ್ಪಣೆ ಸಿಕ್ಕಿದ್ದು ಎರಡು ಕಂಪನಿಗಳಿಗೆ. ಅವುಗಳ ಹೆಸರು ನಮ್ಮ ಬಾಯಿಗೆ ಹೊರಳದ್ದರಿಂದ ಬಾಲದ ಬಣ್ಣ ನೋಡಿ ಒಂದನ್ನು ಹಸಿರುಬಾಲ, ಇನ್ನೊಂದನ್ನು ಅರಿಶಿನಬಾಲ ಎಂದು ಕರೆದೆವು. ಎರಡೂ ಬರುವುದು ಸಂಜೆಯೇ, ಎರಡೂ ಬೆಟ್ಟದಂಥ ವಿಮಾನಗಳೇ. ಸಂಜೆ ಇಳಿಸುವ ಕರೆ ಊರಿಗೆಲ್ಲ ಒಂದೇ. ನಿಲ್ದಾಣದ ಭಾಷೆಯಲ್ಲಿ ಅದಕ್ಕೆ ಸ್ಲಾಟು ಎನ್ನುತ್ತಾರೆ. ನನ್ನ ಪ್ರಕಾರ ಅದು ನನ್ನ ಗಂಟಲು.

ಜಗಳ ನನ್ನ ಮನೆ ಬಾಗಿಲಿಗೇ ಬಂತು. ಹಸಿರುಬಾಲದ ಮಂದಾಕಿನಿ ಮೇಡಂ ಸಿಹಿಯ ಡಬ್ಬ ಹಿಡಿದು ಬಂದರೆ, ಅವರು ಎದ್ದು ಹೋಗುವ ಮೊದಲೇ ಅರಿಶಿನಬಾಲದ ಡಿಸಿಲ್ವಾ ಸಾಹೇಬರು ಅದಕ್ಕಿಂತ ದೊಡ್ಡ ಡಬ್ಬ ಹಿಡಿದು ಬರುತ್ತಿದ್ದರು. ಮೇಡಂ ನನ್ನ ಗಂಟಲಿಗೆ ಜೇನು ಕಳಿಸಿದರು. ಸಾಹೇಬರು ಬಂಡೆಗೆ ಮೆಟ್ಟಿಲು ಮಾಡಿಸಿದರು. ಮೆಟ್ಟಿಲು ಮಾಡಿಸಿದ್ದು ತಮ್ಮ ಹಕ್ಕು ಸ್ಥಾಪಿಸಲು ಎಂದು ಮೇಡಂ ದೂರು ಕೊಟ್ಟರು. ನಾನು ಹಳೆಯ ದಾರಿಯಲ್ಲೇ ಮಂಡಿ ಊರಿ ಹತ್ತಬೇಕು, ಮೆಟ್ಟಿಲು ಬಳಸಕೂಡದು ಎಂದು ಹುಕುಂ ಬಂತು. ಮಂಡಿ ನೋವು ಯಾವ ಕಂಪನಿಯ ಲೆಕ್ಕಕ್ಕೂ ಸೇರಲಿಲ್ಲ.

ಕೊನೆಗೆ ನಾಗೇಂದ್ರಯ್ಯನವರ ಮುಂದೆ ವಿಚಾರಣೆ ನಡೆಯಿತು. ಯಾವ ವಿಮಾನಕ್ಕೆ ಯಾವ ಕರೆ ಎಂದು ಹಂಚುವ ಅಧಿಕಾರಿ ಅವರು. ಊರಿನವರ ಬಾಯಲ್ಲಿ ಸ್ಲಾಟು ಸಾಹೇಬರು. ಏಲಕ್ಕಿ ಅಗಿಯುತ್ತ, ನಡುನಡುವೆ ನಿಟ್ಟುಸಿರು ಬಿಡುತ್ತ, ಯಾರಿಗೂ ಇಲ್ಲವೆನ್ನಲಾರದೆ ಸವೆದುಹೋದ ಮನುಷ್ಯ. ನನ್ನಷ್ಟೇ ದಣಿದವರೆಂದರೆ ಊರಿನಲ್ಲಿ ಅವರೊಬ್ಬರೇ. ನಿಲ್ದಾಣದಲ್ಲಿ ಇಳಿಯುವ ಪ್ರವಾಸಿಗಳಿಗೆ ಮರ್ಯಾದೆ ಕಡಿಮೆಯಾಗಬಾರದೆಂದು ‘ಬಾ’ ಬದಲು ‘ಬನ್ನಿ’ ಎಂದೇ ಕರೆಯಬೇಕೆಂಬ ನಿಯಮವನ್ನು ಅವರೇ ಹಿಂದಿನ ವರ್ಷ ತಂದಿದ್ದರು. ಡಿಸಿಲ್ವಾ ಸಾಹೇಬರು ಅದನ್ನೇ ಹಿಡಿದುಕೊಂಡರು. ‘ಬನ್ನಿ’ ಎಂಬುದು ಬಹುವಚನ, ಬಹುವಚನವೆಂದರೆ ಒಂದಕ್ಕಿಂತ ಹೆಚ್ಚು, ಆದ್ದರಿಂದ ಒಂದೇ ಕರೆಗೆ ಎರಡು ವಿಮಾನವೂ ಇಳಿಯಬಹುದು ಎಂದು ವಾದಿಸಿದರು. ಅದು ಮರ್ಯಾದೆಯ ಬಹುವಚನ, ಲೆಕ್ಕದ್ದಲ್ಲ, ನಮ್ಮತ್ತೆಗೆ ‘ಬನ್ನಿ’ ಎಂದರೆ ನಾಲ್ಕು ಜನ ಅತ್ತೆಯರು ಬರುತ್ತಾರೆಯೇ ಎಂದು ಮೇಡಂ ಕೇಳಿದರು. ಒಬ್ಬರು ಬಂದರೇ ನಾಲ್ಕು ಬಂದ ಹಾಗೆ ಎಂದು ಹಿಂದಿನ ಬೆಂಚಿನಿಂದ ಯಾರೋ ಅಂದರು.

ಕನ್ನಡ ಕಲಿಸಿ ನಿವೃತ್ತರಾಗಿದ್ದ ವರದಯ್ಯ ಮೇಷ್ಟ್ರನ್ನು ಕರೆಸಿದರು. ಅವರು ಬಹಳ ಹೊತ್ತು ಕನ್ನಡಕ ಒರೆಸಿಕೊಂಡು, ಮರ್ಯಾದೆಗೂ ಅದೇ, ಸಂಖ್ಯೆಗೂ ಅದೇ, ಯಾವುದೆಂಬುದು ಕರೆಯುವವಳ ಮನಸ್ಸಿನಲ್ಲಿರುತ್ತದೆ, ವ್ಯಾಕರಣದಲ್ಲಿ ಇರುವುದಿಲ್ಲ ಎಂದರು. ಎಲ್ಲರೂ ನನ್ನ ಕಡೆ ತಿರುಗಿದರು. ನನ್ನ ಮನಸ್ಸಿನಲ್ಲಿ ಆಗ ಇದ್ದುದು ಮನೆಗೆ ಹೋಗಿ ಮಲಗಬೇಕೆಂಬುದೊಂದೇ. ಸ್ಲಾಟು ಸಾಹೇಬರು ನಿಟ್ಟುಸಿರು ಬಿಟ್ಟು ಚೀಟಿ ಎತ್ತಿಸಿದರು. ಮೊದಲ ಸಂಜೆ ಹಸಿರುಬಾಲಕ್ಕೆ ಬಂತು. ಗೊಂದಲ ಬೇಡವೆಂದು, ಆ ದಿನದ ಮಟ್ಟಿಗೆ ನಾನು ಹಸಿರು ವಿಮಾನದ ಕಡೆ ಮುಖ ಮಾಡಿ ‘ಬಾ’ ಎಂದು ಏಕವಚನದಲ್ಲೇ ಕರೆಯಬೇಕೆಂದು ತೀರ್ಪಾಯಿತು. ಡಿಸಿಲ್ವಾ ಸಾಹೇಬರು ತೀರ್ಪು ಒಪ್ಪಲಿಲ್ಲ. ತಮ್ಮ ವಿಮಾನವೂ ಅದೇ ಸಂಜೆ ಬಂದೇ ಬರುತ್ತದೆ, ಈಕೆಯ ಬಾಯಿ ತಪ್ಪಿಯಾದರೂ ‘ಬನ್ನಿ’ ಎಂದರೆ ನಮ್ಮ ಹಕ್ಕು ನಮಗೆ ಎಂದು ಎದ್ದು ಹೋದರು.

ಆ ಸಂಜೆಯ ಹಿಂದಿನ ದಿನ ಚಿಕ್ಕಿ ಫೋನು ಮಾಡಿದಳು. ಹಬ್ಬವಲ್ಲದ ದಿನ ಅವಳ ಫೋನು ಬಂದದ್ದು ಅದೇ ಮೊದಲು. ಮಕ್ಕಳು ದೊಡ್ಡವರಾದರು, ಇನ್ನು ನೀನು ಹೋಗು ಎಂದರಂತೆ ಆ ಮನೆಯವರು. ನಾಳೆಯ ವಿಮಾನಕ್ಕೆ ಹತ್ತಿಸುತ್ತಿದ್ದಾರಂತೆ. ಯಾವ ವಿಮಾನ ಎಂದೆ. ಬಾಲದ ಬಣ್ಣ ಯಾವುದು ಎಂದೂ ಕೇಳಿದೆ.

‘ನಂಗೇನ್ ಗೊತ್ತಕ್ಕ? ಟಿಕೆಟ್ಟು ಕೈಗೆ ಕೊಡ್ತಾರೆ, ಹತ್ತು ಅಂದ್ರೆ ಹತ್ತೋದು’ ಎಂದಳು. ಆಮೇಲೆ, ‘ಈ ಸಲ ನಿಜವಾಗ್ಲೂ ಬರ್ತೀನಿ’ ಎಂದಳು. ಲೈನು ಕಡಿದುಹೋಯಿತು.

ಪರದೇಶದ ವಿಮಾನ ನಮ್ಮೂರಿನಲ್ಲಿ ಇಳಿಯದಿದ್ದರೆ ಬೇರೆ ಊರಿನಲ್ಲಿ ಎಣ್ಣೆ ತುಂಬಿಕೊಳ್ಳಬಹುದಿತ್ತೇ ವಿನಾ ಜನರನ್ನು ಇಳಿಸುವ ಹಾಗಿರಲಿಲ್ಲ. ಅವರನ್ನೆಲ್ಲ ತುಂಬಿಕೊಂಡು ಹೊರಟ ದೇಶಕ್ಕೇ ಹಿಂತಿರುಗಬೇಕು. ಹಾಗೆ ಹಿಂತಿರುಗಿದರೆ ಚಿಕ್ಕಿಗೆ ಇನ್ನೊಮ್ಮೆ ಟಿಕೆಟ್ಟು ತೆಗೆಸಿಕೊಡುವವರು ಯಾರು? ನನ್ನಲ್ಲಿರುವುದು ಒಂದು ಕರೆ, ಮೇಲಿರುವುದು ಎರಡು ವಿಮಾನ. ತಪ್ಪು ವಿಮಾನವನ್ನು ಕರೆದರೆ ನನ್ನ ತಂಗಿಯನ್ನು ನಾನೇ ಅಟ್ಟಿದ ಹಾಗೆ. ಅವಳು ಬಂದುಬಿಟ್ಟರೆ ನನ್ನ ಕರೆ ಇಮಾಂಸಾಬರ ಕರೆಯ ಹಾಗೆ ಒಣಗುತ್ತದೆಂಬುದೂ ಗೊತ್ತಿತ್ತು. ಒಣಗಲಿ ಅನ್ನಿಸಿತು. ಬೆಳಿಗ್ಗೆ ಎದ್ದು ಅವರೆಕಾಳು ಹಿಚುಕಿ ಸಾರು ಮಾಡಿದೆ. ಅವಳಿಗೆ ಅದೆಂದರೆ ಪ್ರಾಣ.

ಸಂಜೆ ಬಂಡೆಯ ಸುತ್ತ ಊರೇ ನೆರೆದಿತ್ತು. ಹಸಿರು ವಿಮಾನದಲ್ಲಿ ಪಕ್ಕದ ಮನೆ ಜಯಲಕ್ಷ್ಮಿಯ ಗಂಡ ಇದ್ದ. ಅವಳು ಹೂ ಮುಡಿದುಕೊಂಡು ಬೇಲಿ ಹಿಡಿದು ನಿಂತಿದ್ದಳು. ಎರಡು ವಿಮಾನಗಳೂ ಒಂದರ ಹಿಂದೆ ಒಂದು ಬಂದು ಸುತ್ತತೊಡಗಿದವು. ನಾನು ಮಂಡಿ ಊರಿ ಬಂಡೆ ಹತ್ತಿದೆ, ಹಸಿರಿನ ಕಡೆ ನೋಡಿ ‘ಬಾ’ ಎಂದೆ. ಅದು ನೆಟ್ಟಗೆ ತಲೆಯ ಮೇಲಿಂದ ದಾಟಿಹೋಯಿತು. ಎರಡನೆಯ ಸುತ್ತಿಗೆ ಕಣ್ಣು ಮುಚ್ಚಿಕೊಂಡು, ಯಾವುದರಲ್ಲಿದ್ದರೂ ಸರಿ ಎಂದು ಚಿಕ್ಕಿಯನ್ನು ನೆನೆದೆ. ಅವಳ ಮುಖ ಬರಲಿಲ್ಲ. ಎಷ್ಟು ಸಂಜೆಗಳು ಅವಳ ಹೆಸರನ್ನು ಗಂಧದ ಕೊರಡಿನ ಹಾಗೆ ತೇಯ್ದು ತೇಯ್ದು ಕಂಡವರ ಹಣೆಗೆಲ್ಲ ಹಚ್ಚಿದ್ದೆನೋ, ಈಗ ಅವಳಿಗೇ ಬೇಕಾದಾಗ ಬೆರಳಿಗೆ ಏನೂ ಅಂಟುತ್ತಿಲ್ಲ. ನನಗೆ ಅಳು ಬಂತು. ಅಳುವುದಕ್ಕೂ ಶಕ್ತಿ ಇರಲಿಲ್ಲ.

ಕೆಳಗಿನಿಂದ ಸ್ಲಾಟು ಸಾಹೇಬರು, ಏಕವಚನವೋ ಬಹುವಚನವೋ ಏನಾದರೂ ಒಂದು ಅನ್ನಮ್ಮ ಎಂದು ಕೈಮುಗಿದರು. ‘ಬನ್ನಿ’ ಎಂದೆ. ಡಿಸಿಲ್ವಾ ಸಾಹೇಬರು ಕುಣಿದಾಡಿಬಿಟ್ಟರು. ವಿಮಾನಗಳು ಮಾತ್ರ ಮರ್ಯಾದೆಗೂ ಮಣಿಯಲಿಲ್ಲ, ಸಂಖ್ಯೆಗೂ ಮಣಿಯಲಿಲ್ಲ. ಎಣ್ಣೆ ಮುಗಿಯುತ್ತ ಬಂತು, ಇದೇ ಕೊನೆಯ ಸುತ್ತು ಎಂದು ಯಾರೋ ಕೂಗಿದರು. ಮನೆಯಲ್ಲಿ ಸಾರು ಆರಿಹೋಗುತ್ತಿದೆ ಎಂದು ನೆನಪಾಯಿತು. ಅಷ್ಟಕ್ಕೇ ಎಲ್ಲಿತ್ತೋ ಸಿಟ್ಟು ಉಕ್ಕಿ ಬಂತು. ಹಬ್ಬ ಹಬ್ಬಕ್ಕೂ ‘ಬರ್ತೀನಿ’ ಎಂದು, ಈಗ ತಲೆಯ ಮೇಲೆ ಬಂದೂ ಸುತ್ತುತ್ತ ಕೂತಿದ್ದಾಳಲ್ಲ ಇವಳು.

‘ಬಂದ್ ಸಾಯೇ ಅತ್ಲಾಗೆ! ಎಷ್ಟೂಂತ ಕಾಯ್ಲಿ ನಾನು?’ ಎಂದೆ.

ಬಂಡೆಯ ಮೇಲೆ ನಿಂತು ಆಕಾಶದಲ್ಲಿರುವವರಿಗೆ ಸಾವಿನ ಮಾತು ಆಡಬಾರದೆಂಬುದು ಮಕ್ಕಳಿಗೂ ಗೊತ್ತು. ಮೇಷ್ಟ್ರು ಕಿವಿ ಮುಚ್ಚಿಕೊಂಡರು. ಆದರೆ ಅರಿಶಿನಬಾಲದ ವಿಮಾನ ಬೈಸಿಕೊಂಡ ಹುಡುಗಿಯ ಹಾಗೆ ತಲೆ ತಗ್ಗಿಸಿತು. ಚಕ್ರ ಬಿಟ್ಟಿತು. ಹೂವಿನ ಹಾಗೆ ಇಳಿದು ಬಂಡೆಯ ನೇರಕ್ಕೆ ಬಂದು ನಿಂತಿತು. ಹಸಿರುಬಾಲ ಒಂದರ್ಧ ಸುತ್ತು ಕಾದು ನೋಡಿ, ಗುಡ್ಡದ ಹಿಂದೆ ಹೋಯಿತು. ಜಯಲಕ್ಷ್ಮಿ ತಲೆಯ ಹೂ ತೆಗೆದು ಸೆರಗಿನಲ್ಲಿ ಕಟ್ಟಿಕೊಂಡಳು. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಚಿಕ್ಕಿಯ ಕೂದಲು ನನ್ನದಕ್ಕಿಂತ ಹೆಚ್ಚು ಹಣ್ಣಾಗಿತ್ತು. ಒಂದು ಚೀಲ ಹಿಡಿದುಕೊಂಡು, ಮೆಟ್ಟಿಲಿಳಿದು ನೇರ ನನ್ನ ಹತ್ತಿರ ಬಂದು, ‘ಸಾಯಿ ಅಂದ್ಯಾ ನಂಗೆ?’ ಎಂದಳು.

ಯಾರು ಹೇಳಿದರು ಎಂದೆ. ಯಾರೂ ಹೇಳಲಿಲ್ಲವಂತೆ. ಕಿಟಕಿ ಪಕ್ಕ ಕೂತಿದ್ದಾಗ ಹೊಟ್ಟೆಯೊಳಗೇ ಕೇಳಿಸಿತಂತೆ. ಮನೆಗೆ ಹೋಗಿ ಸಾರು ಬಿಸಿ ಮಾಡಿದೆ. ಉಂಡ ತಟ್ಟೆಯ ಮುಂದೆಯೇ ಒರಗಿಕೊಂಡು ನಿದ್ದೆ ಹೋದಳು. ನಾನೂ ಪಕ್ಕದಲ್ಲಿ ಉರುಳಿದೆ.

ಮರುದಿನ ಸಂಜೆ ಬಂಡೆ ಹತ್ತಿ ಕರೆದೆ. ನನಗೆ ಮೊದಲೇ ಗೊತ್ತಿತ್ತು, ಆದರೂ ಕರೆದೆ. ಹಸಿರೂ ಇಳಿಯಲಿಲ್ಲ, ಅರಿಶಿನವೂ ಇಳಿಯಲಿಲ್ಲ. ಮೂರನೆಯ ದಿನವೂ ಅಷ್ಟೇ. ಊರಿನ ಎಷ್ಟೋ ಮನೆಗಳ ಜನ ಆ ವಿಮಾನಗಳಲ್ಲಿ ಬರಬೇಕಿತ್ತು. ಅವರೆಲ್ಲ ಸಮುದ್ರದ ಆಚೆ ದಡದಲ್ಲೇ ಉಳಿದರು. ಬೀದಿಯಲ್ಲಿ ಹೋದರೆ ಜನ ನನ್ನನ್ನು ನೋಡಿ, ಆಮೇಲೆ ನನ್ನ ಪಕ್ಕದಲ್ಲಿದ್ದ ಚಿಕ್ಕಿಯನ್ನು ನೋಡುತ್ತಿದ್ದರು. ಅಂಗಡಿಯ ಮುಂದೆ ಒಬ್ಬಾಕೆ, ನಿನ್ನವರು ಬಂದರು, ನಿನಗೇನಮ್ಮ ಎಂದಳು. ಅದರಲ್ಲಿ ಸುಳ್ಳೇನಿರಲಿಲ್ಲ.

ಆ ವಾರ ಮಂದಾಕಿನಿ ಮೇಡಂ ಮತ್ತು ಡಿಸಿಲ್ವಾ ಸಾಹೇಬರು ಒಟ್ಟಿಗೆ ಬಂದರು. ಇಬ್ಬರ ನಡುವೆ ಒಂದೇ ಸಿಹಿಯ ಡಬ್ಬ ಇತ್ತು. ಹಿಂದೆ ಸ್ಲಾಟು ಸಾಹೇಬರು ಏಲಕ್ಕಿ ಅಗಿಯುತ್ತ ಬಂದರು. ಡಬ್ಬವನ್ನು ನನ್ನ ಮುಂದಿಡದೆ ಚಿಕ್ಕಿಯ ಮುಂದಿಟ್ಟಾಗಲೇ ನನಗೆ ವಿಷಯ ಅರ್ಥವಾಯಿತು. ಆಕೆ ಮತ್ತೆ ಪರದೇಶಕ್ಕೆ ಹೋಗುವುದಾದರೆ ಕಿಟಕಿ ಪಕ್ಕದ ಸೀಟು, ಅಲ್ಲಿ ಒಳ್ಳೆಯ ಮನೆಯಲ್ಲಿ ಕೆಲಸ, ಎಲ್ಲ ತಮ್ಮ ಹೊಣೆ ಎಂದು ಇಬ್ಬರೂ ಒಬ್ಬರ ಮಾತನ್ನೊಬ್ಬರು ಪೂರ್ತಿ ಮಾಡುತ್ತ ಹೇಳಿದರು. ಇದು ಕಂಪನಿಯ ಮಾತಲ್ಲ, ಊರಿನ ಮಾತು ಎಂದೂ ಹೇಳಿದರು. ನಾನು ಗೋಡೆಗೆ ಒರಗಿ ಕೂತಿದ್ದೆ. ಬೇಡ ಎನ್ನಬೇಕೆಂದು ಬಾಯಿ ತೆರೆದೆ. ಜಯಲಕ್ಷ್ಮಿ ಹೂ ತೆಗೆದದ್ದು ಕಣ್ಣ ಮುಂದೆ ಬಂತು. ತೆರೆದ ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡೆ.

ಚಿಕ್ಕಿ ಪಾತ್ರೆ ತೊಳೆಯುತ್ತಿದ್ದವಳು ಕೈ ಒರೆಸಿಕೊಂಡು ಬಂದು ಹೊಸ್ತಿಲ ಮೇಲೆ ಕೂತಳು.

‘ನೀವು ಇಷ್ಟು ವರ್ಷ ಅಕ್ಕ ಕರೆಯೋದನ್ನೇ ನೋಡಿದ್ರಿ. ನಾನು ಸುಮ್ನಿದ್ದೆ ಅಂದ್ಕೊಂಡ್ರಾ?’ ಎಂದಳು. ‘ಆ ಮಕ್ಕಳನ್ನ ಮಲಗಿಸಿ ದಿನಾ ಸಂಜೆ ತಾರಸಿ ಹತ್ತಿ ನಿಂತ್ಕೋತಿದ್ದೆ. ಬಾ ಅಕ್ಕ, ಬಾ ಅಕ್ಕ ಅಂತಿದ್ದೆ. ಇವಳು ಒಂದು ದಿನಾನೂ ಬರ್ಲಿಲ್ಲ.’

ನಾನು ನನ್ನ ತಂಗಿಯ ಮುಖ ನೋಡಿದೆ. ಎಷ್ಟೋ ವರ್ಷ ಬಂಡೆಯ ಮೇಲೆ ನಿಂತು ನಾನು ಕರೆಯುವವಳು, ಬರಬೇಕಾದವಳು ಅವಳು ಎಂದುಕೊಂಡಿದ್ದೆ. ನನ್ನನ್ನೂ ಯಾರೋ ಕರೆಯುತ್ತಿರಬಹುದು ಎಂದು ಒಂದು ದಿನವೂ ಹೊಳೆದಿರಲಿಲ್ಲ. ಸಂಜೆಯಾದರೆ ನನಗೆ ಅಷ್ಟೊಂದು ಸುಸ್ತಾಗುತ್ತಿದ್ದುದು ನನ್ನ ಕರೆಯಿಂದಲೋ, ಅವಳ ಕರೆಯಿಂದಲೋ, ಈಗ ಹೇಳುವುದು ಹೇಗೆ?

ಎಲ್ಲರಿಗಿಂತ ಮೊದಲು ಚೇತರಿಸಿಕೊಂಡದ್ದು ಡಿಸಿಲ್ವಾ ಸಾಹೇಬರು. ಡಬ್ಬವನ್ನು ಮೆಲ್ಲಗೆ ಚಿಕ್ಕಿಯ ಮುಂದಿನಿಂದ ನನ್ನ ಮುಂದಕ್ಕೆ ತಳ್ಳಿದರು. ಅಕ್ಕ ಹೋದರೆ ತಂಗಿ ಕರೆಯುತ್ತಾಳೆ, ಅಷ್ಟೇ ತಾನೇ ಎಂದರು. ನನಗೆ ನಗು ಬಂತು. ನಾನು ವಿಮಾನದ ಹೊಟ್ಟೆಯೊಳಗನ್ನು ಕಂಡವಳೇ ಅಲ್ಲ. ಒಲ್ಲೆ ಎಂದೆ. ರಾತ್ರಿ ಚಾಪೆ ಹಾಸುವಾಗ ಚಿಕ್ಕಿ, ‘ಹೋಗ್ ಬಾ ಅಕ್ಕ. ನಿಂಗೆ ಅಲ್ಲಿ ಯಾರೂ ಕೆಲ್ಸ ಹೇಳಲ್ಲ. ಹೋಗಿ ನಿದ್ದೆ ಮಾಡ್ಕೊಂಡು ಬಾ’ ಎಂದಳು. ಅದೊಂದು ಮಾತಿಗೆ ನಾನು ಸೋತೆ.

ನನ್ನನ್ನು ಕರೆದೊಯ್ಯುವುದು ಯಾರು ಎಂದು ಎರಡು ಕಂಪನಿಗಳೂ ಮತ್ತೆ ಜಗಳಕ್ಕೆ ಬಿದ್ದವು. ಹೋಗುವಾಗ ಗುಂಡಾಚಾರಿಯ ಬೆಳಗಿನ ಕರೆಗೆ ಇಳಿಯುವಂಥ ಅರಿಶಿನದ ಸಣ್ಣ ವಿಮಾನ, ಬರುವಾಗ ಹಸಿರು, ಸಂಜೆಯ ಸ್ಲಾಟು ದಿನ ಬಿಟ್ಟು ದಿನ ಎಂದು ಸ್ಲಾಟು ಸಾಹೇಬರು ಕೊನೆಗೂ ಒಂದು ತೀರ್ಮಾನ ಮಾಡಿದರು. ಹೊರಡುವಾಗ ಹೊಸ್ತಿಲ ಮೇಲೆ ನಿಂತು ‘ಬರ್ತೀನಿ ಕಣೇ’ ಎಂದೆ. ನನ್ನ ಬಾಯಿಂದ ಆ ಮಾತು ಕೇಳಿ ನನಗೇ ವಿಚಿತ್ರವಾಯಿತು. ಇಷ್ಟು ದಿನ ಅದನ್ನು ನಂಬುವ ಕೆಲಸ ನನ್ನದಾಗಿತ್ತು.

ಸಮುದ್ರದಾಚೆ ಕಂಪನಿಯವರ ವಸತಿಗೃಹದಲ್ಲಿ ನಾನು ಮಾಡಿದ್ದು ನಿದ್ದೆ. ಬಿಳಿಯ ಹಾಸಿಗೆ, ಬಿಳಿಯ ಗೋಡೆ, ಉಪ್ಪಿಲ್ಲದ ಊಟ. ಹಗಲೆಲ್ಲ ಮಲಗಿ ಸಂಜೆ ಎದ್ದು ಕೂರುತ್ತಿದ್ದೆ. ಆ ಹೊತ್ತಿಗೆ ಸರಿಯಾಗಿ ಎದೆಯಲ್ಲಿ ಯಾರೋ ಸೆರಗು ಹಿಡಿದು ಎಳೆದ ಹಾಗಾಗುತ್ತಿತ್ತು. ಊರಿನಲ್ಲಿ ಈಗ ಹಸಿರು ಇಳಿಯಿತು, ಈಗ ಅರಿಶಿನ ಇಳಿಯಿತು ಎಂದು ನನಗೆ ಅಲ್ಲಿಂದಲೇ ತಿಳಿಯುತ್ತಿತ್ತು. ಜಯಲಕ್ಷ್ಮಿಯ ಗಂಡ ಊರು ಸೇರಿದ ಸುದ್ದಿಯೂ ಫೋನಿನಲ್ಲಿ ಬಂತು. ಚಿಕ್ಕಿಯ ದನಿ ಮಾತ್ರ ಸಲದಿಂದ ಸಲಕ್ಕೆ ಸಣ್ಣಗಾಗುತ್ತಿತ್ತು. ಸುಸ್ತಾ ಎಂದರೆ, ಏನಿಲ್ಲ ಬಿಡಕ್ಕ ಎನ್ನುತ್ತಿದ್ದಳು. ಮೂಟೆ ರಾಗಿಯ ಭಾರ ನನಗೆ ಗೊತ್ತಿಲ್ಲವೇ? ಒಂದು ದಿನ ಗಂಟು ಕಟ್ಟಿಕೊಂಡು, ನಿದ್ದೆ ಆಯಿತು, ಊರಿಗೆ ಕಳಿಸಿ ಎಂದೆ. ಇನ್ನೂ ಸ್ವಲ್ಪ ದಿನ ಇರಿ ಎಂದರು. ನನ್ನ ಹೆಸರೇ ಸಾಕಮ್ಮ ಎಂದೆ.

ಸಂಜೆ ಹಸಿರುಬಾಲ ನಮ್ಮೂರ ಗುಡ್ಡದ ಮೇಲೆ ಬಂತು. ಮೇಲಿನಿಂದ ನೋಡಿದರೆ ಅಷ್ಟು ದೊಡ್ಡ ಬಂಡೆ ಒಂದು ಸುಣ್ಣದ ಚುಕ್ಕೆ. ಚುಕ್ಕೆಯ ಮೇಲೆ ಒಂದು ಇರುವೆ ನಿಂತಿತ್ತು. ವಿಮಾನ ಒಂದು ಸುತ್ತು ಹಾಕಿತು, ಇಳಿಯಲಿಲ್ಲ. ಇನ್ನೊಂದು ಸುತ್ತು ಹಾಕಿತು. ಒಳಗಿದ್ದವರು ಗುಸುಗುಸು ಶುರು ಮಾಡಿದರು. ಪಕ್ಕದಲ್ಲಿದ್ದ ಹೆಂಗಸು, ಯಾಕೆ ಇಳಿಯುತ್ತಿಲ್ಲ ಎಂದು ನನ್ನ ಕೈ ಹಿಡಿದುಕೊಂಡಳು. ಕರೆಯಬೇಕಲ್ಲ ತಾಯಿ ಎಂದೆ. ನನಗೆ ‘ಬಾ’ ಎನ್ನುವ ಕಷ್ಟ ಗೊತ್ತಿತ್ತು. ದಿನ ದಿನವೂ ಕಂಡವರಿಗೆಲ್ಲ ತೇಯ್ದು ಹಚ್ಚಿದ ಮೇಲೆ ಇವತ್ತು ನನಗೆಂದು ಏನು ಉಳಿದಿದೆಯೋ ಅವಳಲ್ಲಿ. ಉಳಿಯದಿದ್ದರೆ ಅವಳನ್ನು ದೂರುವ ಹಾಗೂ ಇಲ್ಲ. ಕಿಟಕಿಗೆ ಹಣೆ ಒತ್ತಿ ಕೂತೆ. ಸಾವಿರಾರು ಜನರನ್ನು ಇಳಿಸಿದವಳು ನಾನು. ಹೀಗೆ ಆಕಾಶದಲ್ಲಿ ಕೂತು ಯಾರಿಗಾದರೂ ನಾನು ಬೇಕೋ ಬೇಡವೋ ಎಂದು ಕಾಯುವುದು ಇಷ್ಟು ಭಯವೆಂದು ಒಬ್ಬರೂ ನನಗೆ ಹೇಳಿರಲಿಲ್ಲ.

ಮೂರನೆಯ ಸುತ್ತಿನಲ್ಲಿ ಆ ಇರುವೆ ಸೊಂಟದ ಮೇಲೆ ಕೈ ಇಟ್ಟುಕೊಂಡದ್ದು ಕಂಡಿತು. ನನ್ನ ಹೊಟ್ಟೆಯೊಳಗೇ ಅವಳ ಮಾತು ಕೇಳಿಸಿತು. ವಿಮಾನ ತಲೆ ತಗ್ಗಿಸಿ ಇಳಿಯತೊಡಗಿತು. ಪಕ್ಕದ ಹೆಂಗಸು, ಏನಂತ ಕರೆದರು ಎಂದು ಕೇಳಿದಳು. ಮರ್ಯಾದಸ್ಥರ ಮುಂದೆ ಹೇಳುವ ಮಾತಲ್ಲ ಅದು, ಸುಮ್ಮನೆ ಕಣ್ಣೊರೆಸಿಕೊಂಡೆ.